ನಕ್ಷಾದ ಮಡಿಕಿ

ಚಿಟಗುಪ್ಪದ ಪುರಸಭೆ ಹಾಲಿನ ಗ್ವಾಡಿಗಿ
ಮೂವತ್ತು ದಿನಕ್ಕಂತ ನಕ್ಷಾ ತೂಗಬಿಟ್ಟಾರ.
ಬಾಜೂಕ ಒಂದು ಸ್ಟೂಲು, ಸ್ಟೂಲಿನ ಮ್ಯಾಲ ನಾನು,
ತೊಡಿ ಮ್ಯಾಲ ಆಕ್ಷೇಪಣೆ ರಜಿಸ್ಟರು,
ದಾರ ಕಟ್ಟಿದ ಪೆನ್ನು.
ಸಾಹೇಬರು ಹೇಳಿದ್ದು ಇಷ್ಟ:
"ಯಾರೂ ಬೆರಳು ಹಚ್ಚಬಾರದು, ಘಾಳೆಪ್ಪ,
ಬಣ್ಣ ಮಾಸತದ."

ಬೆರಳು ಹಚ್ಚದ ಯಾರು ಮನಿ ಹುಡುಕ್ತಾರ?

ಹಳದಿ ಅಂದ್ರ ಮನಿ, ನೀಲಿ ಅಂದ್ರ ಅಂಗಡಿ,
ನೇರಳಿ ಕಾರ್ಖಾನಿ, ಹಸಿರು ಉದ್ಯಾನ.
ಮೊದಲನೇ ದಿನ ನನಗೂ ಗೊತ್ತಿರಲಿಲ್ಲ,
ಮೂರನೇ ದಿನಕ್ಕ ಮಾಸ್ತರ ಆಗಿದ್ದೆ.

ಆಡಿನ ಸಂತ್ಯಾಗ ಮೇವು ಮಾರೋ ಮಸ್ತಾನಬೀ ಬಂದಳು.
ಸಂತಿ ಬಯಲು ಹಸಿರಾಗದ ಅಂದಾಗ ಖುಷಿಪಟ್ಟಳು.
"ಹಸಿರು ಅಂದ್ರ ಮೇವೇನು?"
"ಅಲ್ಲ ಬುವಾ. ಕಾರಂಜಿ, ಸಿಮೆಂಟಿನ ಬೆಂಚು, ಸುತ್ತ ಜಾಳಿಗಿ."
"ಮತ್ತ ಆಡು?"
ಆಡಿಗಿ ಬಣ್ಣ ಇಲ್ಲ. ಸೂಚಿಯೊಳಗ ಎರಡು ಸಲ ಹುಡುಕಿದೆ,
ಖರೇನೇ ಇಲ್ಲ.
ನಂಬರ್ ಆರು. ಹೆಬ್ಬೆಟ್ಟು.

ಸೂರ್ಯಕಾಂತ ಸಾವಕಾರ ಬಂದರು, ನಿಂತು ನೋಡಲಿಲ್ಲ.
ಅವರ ಹೊಲದ ಸುತ್ತೆಲ್ಲ ತೊಗರಿ,
ಮದಲಿಂಗನ ಗಲ್ಲಕ್ಕ ಹಚ್ಚಿದ ಅರಿಶಿಣದಂಗ
ಅದೊಂದ ಹಳದಿ.
ನಕ್ಷಾ ಗ್ವಾಡಿಗಿ ಏರೋಕಿಂತ ಮೊದಲ
ಅಲ್ಲಿ ಬಿಳಿ ಕಲ್ಲು ನಿಂತಿದ್ದವು,
ಥರ್ಟಿ ಬೈ ಫಾರ್ಟಿ.
ಆಕ್ಷೇಪಣೆ ಇಲ್ಲ ಅಂತ ಬರಿಯೋ ಕಾಲಂ
ನನ್ನ ರಜಿಸ್ಟರಿನಾಗ ಇಲ್ಲ.

ಕ್ರಿಕೆಟ್ ಮೈದಾನ ಎಲ್ಲ್ಯದ ಅಂತ ಒಬ್ಬ ಹುಡುಗ.
ನೀರಿನ ಟಾಕಿ ಬರತದ ಅಲ್ಲಿ, ಅಂದೆ.
"ಟಾಕಿ ಮ್ಯಾಲ ಹತ್ತಿ ಆಡೋಣೇನು?"
ಅದನ್ನೂ ಬರಕೊಂಡೆ.

ಇಪ್ಪತ್ತೆರಡನೇ ದಿನ ಮಧ್ಯಾಹ್ನ ಕರೆಂಟು ಹೋಗಿ
ಹಾಲಿನಾಗ ಯಾರೂ ಇರಲಿಲ್ಲ. ನನ್ನ ಮನಿ ಹುಡುಕಿದೆ.
ಇಷ್ಟು ದಿನ ಯಾಕ ಹುಡುಕಿಲ್ಲ ಅಂತ ಕೇಳಬ್ಯಾಡ್ರಿ,
ಭಾಂಡೆ ಅಂಗಡಿಯವ ತನ್ನ ಮನ್ಯಾಗ ತಾಟು ಎಣಸಲ್ಲ.
ದರ್ಗಾದ ಮ್ಯಾಲ ಬೆರಳಿಟ್ಟೆ. ಹೌದು, ನಾನೇ, ಬೆರಳು.
ಹಾಳ ಬಾವಿ, ಸಾಮಿಲ್ಲು,
ಆಮ್ಯಾಲ ನಮ್ಮ ಗಾಣಗೇರ ಗಲ್ಲಿ ಬರಬೇಕು.
ಬರಲಿಲ್ಲ.
ಸಾಮಿಲ್ಲು ಆದಕೂಡ್ಲೆ ಸಾಲಿ ಕಂಪೌಂಡು.
ನಡುವ ಒಂದು ನೆಟ್ಟನ ಗೆರಿ, ಗೆರಿಗಿ ಹೆಸರು:
ಉದ್ದೇಶಿತ ರಸ್ತೆ, ಎಂಬತ್ತು ಅಡಿ.

ರೆಕಾರ್ಡ್ ರೂಮಿನ ಚಾವಿ ನನ್ನ ಕಡೀನೇ ಇರತದ.
ನಿಜಾಮನ ಕಾಲದ ಅರಿವಿ ನಕ್ಷಾ ತಗದೆ,
ಉರ್ದು ಅಕ್ಷರ, ಜಿರಳಿ ವಾಸನಿ.
ಮಡಚಿಟ್ಟು ಎಷ್ಟು ವರ್ಷಾತೋ,
ಮಡಿಕಿ ಇದ್ದಲ್ಲೆಲ್ಲ ಅರಿವಿ ಪುಡಿಯಾಗಿ
ಕೈಯಾಗ ಎಂಟು ತುಂಡು ಬಂದವು.
ನಮ್ಮ ಗಲ್ಲಿ ಇದ್ದದ್ದು ಮಡಿಕಿಯೊಳಗ.
ಕಂಪ್ಯೂಟರಿನಾಗ ತುಂಡು ಕೂಡಿಸಿದವರು
ಅಂಚಿಗಿ ಅಂಚು ಹಚ್ಚ್ಯಾರ, ಚೊಕ್ಕ ಕೂತದ.
ಹರಿದ ಗೆರೀನೇ ಹಾದಿ ಅಂತ ತಿಳದು
ಮತ್ತಷ್ಟು ಅಗಲ ಮಾಡ್ಯಾರ.
ಹದಿನಾಲ್ಕು ಮನಿ, ಒಂದು ಬೇವಿನ ಗಿಡ,
ಅಪ್ಪನ ಗಾಣದ ಕಲ್ಲು,
ಎಲ್ಲಾ ನನ್ನ ಅಂಗೈಯಾಗ, ಕಂದು ಪುಡಿ.
ಊದಲಿಲ್ಲ. ಲಕೋಟಿಯಾಗ ಹಾಕಿದೆ.

ಸಾಹೇಬರು ಲಕೋಟಿ ನೋಡಿದರು, ನನ್ನ ನೋಡಿದರು.
"ಸಿಬ್ಬಂದಿ ಆಕ್ಷೇಪಣೆ ಕೊಡಂಗಿಲ್ಲ.
ಹೆಣ್ತಿ ಹೆಸರಲೆ ಕೊಡು."
ಝರೆಮ್ಮ ಪೆನ್ನು ಹಿಡಕೊಂಡು ಕೂತಳು.
"ಇಲ್ಲದ ಮನಿಯಾಗ ಕೂತು ಬರಿಯೋದು ಹೆಂಗ?
ವಿಳಾಸದಾಗ ಏನಂತ ಹಾಕಲಿ?"
ಮಡಿಕಿ ಅಂತ ಹಾಕು, ಅಂದೆ.
ನಕ್ಕಳು. ಹಾಕಿದಳು.
ನಂಬರ್ ನಲವತ್ತೊಂದು.

ಮೂವತ್ತನೇ ದಿನ ಐದೂವರಿಗಿ ನಕ್ಷಾ ಇಳಿಸಿದೆ.
ಮುಂಜಾನಿ ಬಸ್ಸಿಗಿ ಬೀದರಕ್ಕ ಮುಟ್ಟಿಸಬೇಕು.
"ಮಡಚಬ್ಯಾಡ ಮತ್ತ," ಅಂದರು ಸಾಹೇಬರು,
"ಸುತ್ತಿ ಒಯ್."
ಹೆಗಲ ಮ್ಯಾಲ ಸುರುಳಿ ಇಟ್ಟು ಮನಿಗಿ ಬಂದೆ.
ಗಲ್ಲಿಯೊಳಗ ಹೊಳ್ಳೋವಾಗ ಅಡ್ಡಾಗಿ ಸಿಕ್ಕಿಬಿತ್ತು,
ಆ ಗ್ವಾಡಿಗಿ ಒಂದು ತುದಿ, ಈ ಗ್ವಾಡಿಗಿ ಒಂದು ತುದಿ.
ಊರಿಗಿ ಊರೇ ಸುತ್ತಿಕೊಂಡು
ನಮ್ಮ ಗಲ್ಲಿಯಾಗ ಹಿಡಿಸವಲ್ದು.

ಕತ್ತಲಾಗ ಚಿಮಣಾಬಾಯಿ ಧ್ವನಿ:
"ಯಾರದು, ಹಾದಿಗಿ ಅಡ್ಡ?"
"ರಸ್ತಾ ಬಂದದ, ಆಯಿ."
"ಬರ್ಲಿ. ಸ್ವಲ್ಪ ಓರೆ ಮಾಡು,
ನಂದು ಕೊಡ ತುಂಬ್ಯದ."