ಹಾನಿಯ ಕಾರಣ

ಮೊದಲು ಕೈ ತೊಳೆದು ಒಣಗಿಸಿಕೊಳ್ಳಬೇಕು.
ಒದ್ದೆ ಬೆರಳು ತಾಗಿತೋ, ಕಡತಕ್ಕೆ ಮರಣ.
ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು
ಒಣಗಿಸಿ ಮಡಿಸಿದ ಬಟ್ಟೆ;
ಬಳಪದ ಅಕ್ಷರ ಅದರ ಮೇಲೆ ಕೂತಿದೆ ಅಷ್ಟೆ,
ಬೇರು ಬಿಟ್ಟಿಲ್ಲ.
ತಪ್ಪಿ ಸೀನಿದರೂ ಒಂದು ತೀರ್ಪು ಹಾರಿಹೋದೀತು.

ಹನ್ನೆರಡು ಊರಿನ ಕಟ್ಟೆಮನೆ ನಮ್ಮದು, ಸೊರಬದ ಸೀಮೆ.
ಹಲಸಿನ ಪೆಟ್ಟಿಗೆ, ಬೀಗ ಮೂರು:
ಒಂದರ ಕೀಲಿಕೈ ಗೌಡರಲ್ಲಿ, ಒಂದರದು ಬುದ್ಧಿವಂತರಲ್ಲಿ,
ಮೂರನೆಯದು ಶಾನುಭೋಗರ ಜನಿವಾರದಲ್ಲಿ.
ವಿರೋಧಿ ಸಂವತ್ಸರ ಹೆಸರಿಗೆ ತಕ್ಕಂತೆ ಬಂತು.
ತೂಬಿನ ನೀರಿಗೆ ಜಗಳ ಬಿದ್ದು
ಮೂವರೂ ಮತ್ತೆ ಒಂದೇ ಜಗಲಿ ಹತ್ತಲಿಲ್ಲ,
ಅವರ ಮಕ್ಕಳೂ.
ಹಾಗೆ ಉಳಿಯಿತು ನೋಡಿ.
ಬಜೆಬೇರು, ಹಾವಿನ ಪೊರೆ, ಒಂದು ಹಿಡಿ ಕಾಳುಮೆಣಸು
ಯಾರೋ ಒಳಗಿಟ್ಟಿದ್ದರು, ನಿಜ;
ಇಷ್ಟು ವರ್ಷ ಕಾದದ್ದು ಮಾತ್ರ ಹಗೆ.

ಈ ಸಲ ಮೊಮ್ಮಕ್ಕಳು ಬಂದರು. ಎರಡು ಕೀಲಿಕೈ ಸಿಕ್ಕವು.
ಮೂರನೆಯ ಬೀಗಕ್ಕೆ ಮೌನೇಶಾಚಾರಿ ಅರ ಹಾಕಿದ,
ಕೂಲಿ ಬೇಡ, ಬೀಗ ಕೊಡಿ ಸಾಕು ಎಂದ.

ನನ್ನನ್ನು ಕರೆದದ್ದು ಕೈ ನಡುಗದವಳೆಂದು.
ಶಿವಮೊಗ್ಗದಲ್ಲಿ ಹದಿನೈದು ದಿನ ತರಬೇತಿ ಆಗಿದೆ.
ಮೆದು ಕುಂಚ, ಹತ್ತಿ, ಉಸಿರಿಗೆ ಅಡ್ಡ ಒಂದು ಬಟ್ಟೆ.
ಮಡಿಕೆಗೊಂದು ನಮೂನೆ ತುಂಬಬೇಕು:
ಅಳತೆ, ಸ್ಥಿತಿ, ಹಾನಿ, ಹಾನಿಯ ಕಾರಣ.

ಆಲದಕೆರೆ ತೂಬು, ಮೇಲಿನ ಕೇರಿಗೆ ಮೂರು ಗಳಿಗೆ.
ಚೌಡ್ಯನ ಎತ್ತು ಸಸಿಮಡಿ ಮೇದದ್ದಕ್ಕೆ ಭತ್ತ ಹತ್ತು ಸಿದ್ದೆ;
ಹೆಂಡತಿ ಬಾಣಂತಿ, ಐದು ಮಾಫಿ.
ಲಕ್ಕಮ್ಮ ತವರಿಗೆ ಹೋದದ್ದು ತಪ್ಪಲ್ಲವೆಂದು
ಕೂಟ ಒಪ್ಪಿತು. ಒಬ್ಬರು ಒಪ್ಪಲಿಲ್ಲ.
ಕೊನೆಗೆ ಗೌಡರ ಹೆಸರು, ಬುದ್ಧಿವಂತರ ಹೆಸರು,
ಶಾನುಭೋಗರದು ತಂದೆಯ ಹೆಸರಿನ ಸಮೇತ.
ಅದರ ಕೆಳಗೆ: ಕೋಲ್ಕಾರ ಹಾಜರು.
ಮೂವತ್ತು ನಲವತ್ತು ವರ್ಷ,
ಬರೀ ಹಾಜರು.

ಆ ಕೋಲ್ಕಾರ ನನ್ನಜ್ಜ, ಗುತ್ಯಪ್ಪ.
ಪೆಟ್ಟಿಗೆ ಬರುವ ಮೊದಲು ಕಡತ ಅವನ ಕಂಕುಳಲ್ಲಿತ್ತು.
ಊರಿಂದೂರಿಗೆ ನಡೆದ. ಹೊಳೆ ಬಂದರೆ ತಲೆಗೇರಿಸಿದ.
ಕಂಬಳಿ ಅದಕ್ಕೆ, ಮಳೆ ತನಗೆ.
ಓದಲು ಬಾರದು. ಆದರೂ ಯಾರ ತಪ್ಪು ಯಾವ ಮಡಿಕೆಯಲ್ಲಿದೆಯೆಂದು
ಬೆರಳಿಟ್ಟು ತೋರಿಸುತ್ತಿದ್ದನಂತೆ,
ತೋರಿಸಿ ಸುಮ್ಮನಾಗುತ್ತಿದ್ದನಂತೆ.
ಸೋದರತ್ತೆ ಹೇಳುತ್ತಾಳೆ,
ಅವಳೂ ಅಷ್ಟು ಹೇಳಿ ಸುಮ್ಮನಾಗುತ್ತಾಳೆ.

ಎಲ್ಲ ಮಡಿಕೆಗೂ ಒಂದೇ ಮೂಲೆಯಲ್ಲಿ ಕಲೆ,
ಅರ್ಧ ರೊಟ್ಟಿಯ ಆಕಾರ, ಅಂಚಿಗೆ ಉಪ್ಪಿನ ಗೆರೆ.
ಅಲ್ಲಿ ಅಕ್ಷರವಿಲ್ಲ.
ಲಕ್ಕಮ್ಮನಿಗೆ ಒಪ್ಪದವನ ಹೆಸರು ಹೋದದ್ದೂ ಅಲ್ಲೇ.

ಹೊಸ ಗೌಡರು ಬಗ್ಗಿ ನೋಡಿ, ಕಪ್ಪು ಬಳಿದು
ಚೆಂದ ಮಾಡಿಬಿಡೇ ತಂಗಿ ಎಂದರು.
ಪೆಟ್ಟಿಗೆಯ ತಳದಲ್ಲಿ ಹಳೆಯ ಬಳಪದ ತುಂಡೂ ಇತ್ತು.
ಕೋಲ್ಕಾರ ಎಂಬುದಕ್ಕೂ ಹಾಜರು ಎಂಬುದಕ್ಕೂ ನಡುವೆ
ಜಾಗ ಇತ್ತು,
ಮೂರು ಅಕ್ಷರ ಹಿಡಿಸುವಷ್ಟು.

ಬಳಪವನ್ನು ಅತ್ತೆಯ ಎಲೆಯಡಿಕೆ ಚೀಲಕ್ಕೆ ಹಾಕಿದೆ.
ನಮೂನೆಯಲ್ಲಿ ನೀರು ಎಂದು ಬರೆದೆ,
ಹೊಡೆದು ಹಾಕಿ
ಬೆವರು ಎಂದು ಬರೆದೆ.
ಯಾರದೆಂದು ಕೇಳುವ ಕಾಲಂ ಅದರಲ್ಲಿಲ್ಲ.

ಮುಂದಿನ ಮಡಿಕೆ ಬಿಡಿಸುತ್ತೇನೆ.
ಮೂಲೆ ನೋಡುತ್ತೇನೆ.
ಹಾಜರು.