ಪುಟ ನಾಲ್ಕು, ಸಾಲು ಹನ್ನೊಂದು

ಈಜಿಪುರದ ಆ ಅಡ್ಡರಸ್ತೆಯಲ್ಲಿ
ವಾಂತಿಭೇದಿ ಶುರುವಾಗಿ ಆರು ದಿನ.
ನಾನು ಹೋಗುವ ಹೊತ್ತಿಗೆ
ರಸ್ತೆಯೇ ತೀರ್ಪು ಕೊಟ್ಟಾಗಿತ್ತು:
ತಳ್ಳುಗಾಡಿ ಮಗುಚಿ ಬಿದ್ದಿತ್ತು,
ಹುಣಸೆನೀರು ಮೋರಿ ಸೇರಿತ್ತು,
ಪಾನಿಪೂರಿಯ ಬಿಂದೇಶ್ವರಿ ಎತ್ತ ಓಡಿದನೋ
ಯಾರೂ ನೋಡಿರಲಿಲ್ಲ.
ಎಲ್ಲರೂ ನೋಡಿದ್ದರು.

ನನ್ನ ಕೆಲಸ ಕೇಳುವುದು.
ಹೋದ ಸೋಮವಾರ ಏನು ತಿಂದಿರಿ?
"ಊಟ."
ಊಟಕ್ಕೆ?
"ಸಾರು. ಇನ್ನೇನು ಇರುತ್ತೆ ಮೇಡಂ."
ಮಂಗಳವಾರ?
"ಅದೇ ಸಾರು."
ಹೊರಗಡೆ ಏನಾದರೂ?
ಗಂಡ ಬಾಗಿಲಲ್ಲಿ ನಿಂತಿದ್ದರೆ, ಏನೂ ಇಲ್ಲ.
ಅವನು ಬೀಡಿ ತರಲು ಹೋದ ಮೇಲೆ, ಎರಡು ಪ್ಲೇಟು.

ಗಟ್ಟಿಮುಟ್ಟಾಗಿದ್ದವರನ್ನೂ ಕೇಳಿದೆ.
ಅವರಿಗದು ಅಪಶಕುನ:
"ನಮಗೇನೂ ಆಗಿಲ್ಲವಲ್ಲ, ನಮ್ಮ ಹೆಸರು ಯಾಕೆ ಬರ್ಕೊಳ್ತೀರ?"
ಏನೂ ಆಗದಿರುವುದಕ್ಕೂ ಕಾರಣ ಇರುತ್ತೆ ಅಮ್ಮ.
ಕಾಯಿಲೆ ಅರ್ಧ ಕತೆ ಹೇಳಿ ಸುಮ್ಮನಾಗುತ್ತೆ,
ಉಳಿದರ್ಧ ನಿಮ್ಮ ಅಡುಗೆಮನೆಯಲ್ಲಿದೆ.

ರಾತ್ರಿ ನಕ್ಷೆ ಹರಡಿ ಚುಕ್ಕಿ ಇಟ್ಟೆ.
ಮೂವತ್ತೊಂದು.
ಚುಕ್ಕಿ ಸರಿ ಬಿದ್ದರೆ ಎಳೆ ತಾನೇ ದಾರಿ ಹುಡುಕಿಕೊಳ್ಳುತ್ತೆ
ಎನ್ನುತ್ತಿದ್ದಳು ಅಜ್ಜಿ, ಹೊಸ್ತಿಲಲ್ಲಿ ಬಗ್ಗಿ.
ಎಳೆ ಗಾಡಿಯನ್ನು ಸುತ್ತಲಿಲ್ಲ.
ರಸ್ತೆಯ ಎಡಬದಿ ಹಿಡಿದು
ಇಳಿಜಾರಿಗೆ ನೇರ ಇಳಿಯಿತು.
ಬಲಬದಿಯವರೂ ತಿಂದಿದ್ದರು, ಅದೇ ಕೈಯಿಂದ,
ಖಾರ ಜಾಸ್ತಿ ಹಾಕಿಸಿಕೊಂಡು.
ಅಲ್ಲಿ ಒಂದೇ ಒಂದು ಚುಕ್ಕಿ: ಕುತೇಜಾಬಿ,
ಮನೆ ಬಿಟ್ಟು ಹೊರಬಾರದ ಮುದುಕಿ.

ನೀರು ಬಿಡುವ ಮುನಿಯಲ್ಲಪ್ಪನ ಬೆನ್ನು ಹತ್ತಿದೆ.
ಬೆಳಗಿನ ಜಾವ ಮೂರು,
ಹೆಗಲ ಮೇಲೆ ಆಳುದ್ದ ಕಬ್ಬಿಣದ ಕೀಲಿ.
"ಬಲಗಡೆ ಬೋರ್‌ವೆಲ್ಲು, ಎಡಗಡೆ ಕಾವೇರಿ.
ಪುಣ್ಯವಂತರು ಅಂತಿದ್ರು ಎಡಗಡೆಯವರನ್ನ."
ದಿನ ಬಿಟ್ಟು ದಿನ ಕಾವೇರಿ.
ನಡುವಿನ ದಿನ ಪೈಪು ಖಾಲಿ,
ಖಾಲಿ ಪೈಪಿಗೆ ಬಾಯಾರುತ್ತೆ,
ಸಡಿಲ ಜಾಯಿಂಟಿನಿಂದ ಪಕ್ಕದ ಚರಂಡಿಯನ್ನು ಹೀರುತ್ತೆ.
ಕೀಲಿ ತಿರುಗಿದಾಗ ಮೊದಲು ಬರುವುದು ಅದೇ.
ಹತ್ತು ನಿಮಿಷ.
ಆಮೇಲೆ ತಿಳಿನೀರು.

ಸೋಮಾರಿಗಳು ಬಚಾವಾದರು.
ಸಿಕ್ಕಿಬಿದ್ದವರು ಅಲಾರಂ ಇಟ್ಟವರು,
ನಲ್ಲಿಯ ಕೊಸಕೊಸ ಗಾಳಿಗೇ ಎಚ್ಚರಾಗುವವರು,
ಎಲ್ಲರಿಗಿಂತ ಮೊದಲು ಜಯಶೀಲಮ್ಮ.
ತನ್ನ ನಾಲ್ಕು ಕೊಡ ತುಂಬಿಸಿ,
ಬಾಣಂತಿ ಸಗಾಯಮೇರಿಗೆ ಎರಡು,
ರಸ್ತೆ ದಾಟಿ ಕುತೇಜಾಬಿಗೆ ಒಂದು,
"ಮುದುಕಿಗೆ ಬೋರ್‌ವೆಲ್ ಉಪ್ಪು ಗಂಟಲಲ್ಲಿ ಇಳಿಯಲ್ಲ" ಎಂದು.
ನನ್ನ ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲ.
ಬಾಣದ ಗುರುತು ಹಾಕಿದೆ:
ಒಂದು ಮನೆಯಿಂದ ಎರಡು ಮನೆಗೆ.

ಕುತೇಜಾಬಿ ಉಳಿಯಲಿಲ್ಲ.
ಅದನ್ನು ನನಗೆ ಹೇಳಿ ಅತ್ತವಳು ಜಯಶೀಲಮ್ಮನೇ,
ಇನ್ನೊಂದೆರಡು ಗುಟುಕು ನೀರು ಕುಡಿಸಬೇಕಿತ್ತು ಎಂದು.
ಬಾಣದ ಮಾತು ನನ್ನ ನಾಲಿಗೆಯ ತುದಿಗೆ ಬಂತು,
ಅಲ್ಲೇ ಇಟ್ಟುಕೊಂಡೆ.

ರಸ್ತೆ ಅಗೆದರು, ಜಾಯಿಂಟು ಬದಲಿಸಿದರು,
ಮನೆಮನೆಗೆ ಕ್ಲೋರಿನ್ ಮಾತ್ರೆ.
ಮೊದಲ ಮೂರು ಕೊಡ ಚೆಲ್ಲಿ ಎಂದೆ.
"ಕಾವೇರೀನಾ? ಚೆಲ್ಲೋದಾ?" ಎಂದರು,
ಆ ನೀರಲ್ಲಿ ಮೆಟ್ಟಿಲು ತೊಳೆದರು.
ದಿನಕ್ಕೆ ಐದು ಹೊಸಬರು, ಎರಡು, ಒಂದು.
ಸೊನ್ನೆ.
ಹದಿನಾಲ್ಕು ದಿನ ಸೊನ್ನೆ ಬರೆದೆ,
ಅಷ್ಟು ಮುದ್ದಾಗಿ ಎಂದೂ ಬರೆದಿರಲಿಲ್ಲ.

ಮಾತಿನ ವಾಲ್ವು ಎಲ್ಲಿದೆ
ಎಂದು ಮುನಿಯಲ್ಲಪ್ಪನಿಗೂ ಗೊತ್ತಿಲ್ಲ.
"ಆ ಬಿಹಾರಿ ಕೈ" ಎಂಬುದು
ವಿವೇಕನಗರ ದಾಟಿ ಆಡುಗೋಡಿಯ ಗಾಡಿಗಳ ತನಕ ಹಬ್ಬಿತ್ತು.
ಮೈಗೆ ಹತ್ತಲು ಅದಕ್ಕೆ ಎರಡು ದಿನ ಬೇಕಿರಲಿಲ್ಲ,
ಅರ್ಧ ಚಹಾ ಸಾಕಿತ್ತು.

ವರದಿ ಆರು ಪುಟ.
ಪುಟ ನಾಲ್ಕು, ಸಾಲು ಹನ್ನೊಂದು:
ಪಾನಿಪೂರಿ – ಸಂಬಂಧ ಕಂಡುಬಂದಿಲ್ಲ.
ಯಾರಿಗೆ ಓದಿ ಹೇಳಲಿ?
ಗಾಡಿ ಜಾರದಂತೆ ಅವನು ಗಾಲಿಗೆ ಕೊಡುತ್ತಿದ್ದ
ಎರಡು ಇಟ್ಟಿಗೆ ಇನ್ನೂ ಅಲ್ಲೇ ಇವೆ.
ಸಂಜೆ ಆರಕ್ಕೆ ಬಲಗಡೆ ಮನೆಯ ಹುಡುಗನೊಬ್ಬ
ಅವುಗಳ ಮೇಲೆ ಹತ್ತಿ ನಿಂತು
ರಸ್ತೆಯ ತುದಿ ನೋಡುತ್ತಾನೆ.