ಕೊನೇ ಕ್ರಾಸಿನ ಕಿಂಡಿ

ನಮ್ಮ ರಸ್ತೆ ಕಾಡಿಗೆ ಮುಟ್ಟಿ ನಿಲ್ಲುತ್ತದೆ.
ಮುಂದೆ ಗೋಡೆ. ಅದರ ಮೇಲೆ ಅರಣ್ಯ ಇಲಾಖೆಯ ಹಳದಿ ಅಕ್ಷರ:
'ಪ್ರವೇಶ' ಉಳಿದಿದೆ,
'ನಿಷೇಧಿಸಿದೆ' ಮಳೆಗೆ ಹೋಗಿದೆ.

ಪಾಳಿ ಮುಗಿಸಿ ನಾನು ಮನೆ ಸೇರುವ ಹೊತ್ತು
ಬೀದಿಯೆಲ್ಲ ಹೊರಡುವ ಹೊತ್ತು.
ಶಾಲೆ ವ್ಯಾನು, ಸ್ಕೂಟರು,
ಮರೆತ ಡಬ್ಬಿ ಹಿಡಿದು ಓಡುವ ಒಬ್ಬರು ಅಜ್ಜ.
ಒಂಬತ್ತೂವರೆಗೆ
ಯಾರೋ ದೊಡ್ಡ ಬಾಗಿಲೊಂದನ್ನು ಹಾಕಿಕೊಂಡಂತೆ
ಸದ್ದೆಲ್ಲ ಒಮ್ಮೆಗೇ ನಿಂತುಬಿಡುತ್ತದೆ.
ಬನ್ನೇರುಘಟ್ಟ ರಸ್ತೆಯ ಹಾರನ್ನು ಕೂಡ
ಇಲ್ಲಿಗೆ ಬರುವಷ್ಟರಲ್ಲಿ ಸೊಳ್ಳೆಯಾಗಿರುತ್ತದೆ.

ಊರು ಮಲಗಿದಾಗ ಎಚ್ಚರಿರುವವಳಿಗೆ ಹಗಲೇ ರಾತ್ರಿ.
ಪರದೆ ಎಳೆದು ಒರಗಿದರೆ
ಗೋಡೆಯಾಚೆ ಕಂಚುಕುಟಿಗನ ಕೆಲಸ ಶುರು:
ಟುಕ್, ಟುಕ್, ಟುಕ್.
ಏಳನೇ ಬೆಡ್ಡಿನ ಮಾನಿಟರು ಮನೆತನಕ ಹಿಂಬಾಲಿಸಿತೇ ಎಂದು
ಮೊದಲ ವಾರ ಎರಡು ಸಲ ಎದ್ದು ಕೂತಿದ್ದೆ.
ಈಗ ಅದು ನಿಂತರೆ ಎಚ್ಚರವಾಗುತ್ತದೆ.

ಗೋಡೆಯಲ್ಲೊಂದು ಕಿಂಡಿಯಿತ್ತು,
ನಾಲ್ಕು ಸೈಜುಗಲ್ಲು ಇರಬೇಕಾದ ಜಾಗ.
ಅಲ್ಲಿಂದ ಮುಂಗುಸಿ ಬರುತ್ತಿತ್ತು,
ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ರಸ್ತೆ ದಾಟುತ್ತಿತ್ತು,
ನಮ್ಮ ಸ್ಕೂಟರಿನವರು ಕಲಿಯಬೇಕು.
ಒಳಗೆ ಹೋಗುತ್ತಿದ್ದದ್ದು ಕ್ರಿಕೆಟ್ ಚೆಂಡು,
ಹಿಂದೆಯೇ ಸುಹೈಲನ ಅರ್ಧ ಮೈ,
ಇನ್ನರ್ಧ ಈಚೆ ಕಡೆ ಕಾಲಾಡಿಸುತ್ತ.

ಯುಗಾದಿ ಕಳೆದ ವಾರ ಒಂದು ನಾಗರ
ವರದರಾಜನ್ ಅವರ ಕಾರಿನಡಿ ತಂಪಿಗೆ ಸುತ್ತಿಕೊಂಡು ಮಲಗಿತು.
ಅದೇ ಸಂಜೆ ಸಭೆ.
ಗೋಡೆ ಮುಚ್ಚಲೇಬೇಕು: ಹದಿನಾಲ್ಕು ಸಹಿ.
ನನ್ನದೂ ಒಂದು, ನಿದ್ದೆಗಣ್ಣಲ್ಲಿ ಹಾಕಿದ್ದು.
ಮೇಸ್ತ್ರಿ ಬಂದ, ಎರಡು ಬಾಂಡ್ಲಿ ಸಿಮೆಂಟು ಕಲಸಿದ,
ಗೋಡೆ ಗೋಡೆಯಾಯಿತು.

ಮಾರನೇ ದಿನ ಕಲ್ಲು ಕೆಳಗೆ.
ಮತ್ತೆ ಮುಚ್ಚಿದರು. ಮತ್ತೆ ಕೆಳಗೆ.
ಗಂಧದ ಮರದ ಕಳ್ಳರೆಂದರು. ಹುಡುಗರೆಂದರು.
ಕ್ಯಾಮೆರಾಕ್ಕೆ ತಲೆಗೆ ಆರುನೂರೆಂದರು.

ನಾನು ಬೇಗ ಬಿಟ್ಟು ಬಂದ ಒಂದು ನಸುಕು, ಐದೂವರೆ.
ಇಸ್ತ್ರಿ ಪಿಳ್ಳಮ್ಮ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.
ಕೈಯಲ್ಲಿ ಕೆಂಡ ಕೆದಕುವ ಕಂಬಿ.
ಹಲ್ಲಿನ ಸಂದಿಯ ಅಡಿಕೆಚೂರು ತೆಗೆಯುವ ತಾಳ್ಮೆಯಲ್ಲಿ
ಹಸಿ ಸಿಮೆಂಟು ತೆಗೆಯುತ್ತಿದ್ದಳು.
ನನ್ನ ನೋಡಿ ಬೆಚ್ಚಲಿಲ್ಲ.

"ಡ್ಯೂಟಿ ಮುಗೀತಾ ನರ್ಸಮ್ಮ?
ಇಲ್ಲಿ ನಮ್ ರಾಗಿಹೊಲ ಇತ್ತು ಅಂತ ಅಳಾಕೆ ಬಂದಿಲ್ಲ ಕಣವ್ವ.
ಹೊಲ ಹೋಯ್ತು, ದುಡ್ಡೂ ತಿಂದಾಯ್ತು.
ಗಾಳಿ ಕಣವ್ವ.
ಮಧ್ಯಾನ ಮೂರಕ್ಕೆ ಸರಿಯಾಗಿ ಈ ತೂತಿಂದ ಒಂದು ಗಾಳಿ ಬತ್ತದೆ.
ದಿನಕ್ಕೆ ನೂರು ಬಟ್ಟೆ, ಕೆಂಡದ ಮುಂದೆ ನಿಲ್ಲೋಳು ನಾನು.
ಎದೆ ಬೇಯ್ತದೆ, ಬೆನ್ನಾದರೂ ಬ್ಯಾಡವಾ?"

ಅವಳ ಗಾಡಿ ನಿಲ್ಲುವ ಹೊಂಗೆಯಡಿ ನೋಡಿದೆ.
ಹತ್ತು ವರ್ಷದಲ್ಲಿ ಒಮ್ಮೆಯೂ
ಅದು ಯಾಕೆ ಅಲ್ಲೇ, ಹಾಗೇ ಓರೆಯಾಗಿ ನಿಲ್ಲುತ್ತದೆಂದು
ನಾನು ಕೇಳಿರಲಿಲ್ಲ.
ಸಿಮೆಂಟು ಕೈ ತಿನ್ನುತ್ತದೆ.
ಚೀಲದಲ್ಲಿ ಉಳಿದಿದ್ದ ಒಂದು ಜೊತೆ ಗ್ಲೌಸು ಕೊಟ್ಟೆ.
ಬೆರಳು ಉದ್ದ ಜಾಸ್ತಿಯೆಂದು ನಕ್ಕಳು, ಹಾಕಿಕೊಂಡಳು.
ಹಾಲಿನವನ ಗಾಡಿ ಬರುವವರೆಗೆ
ತಿರುವಿನಲ್ಲಿ ನಿಂತಿದ್ದೆ, ಮೊಬೈಲು ನೋಡುವವಳಂತೆ.

ಕಳೆದ ಭಾನುವಾರದ ಸಭೆಯಲ್ಲಿ ಕಾಗದ ಮತ್ತೆ ಕೈಗೆ ಬಂತು.
ಪೆನ್ನು ಬರೀತಿಲ್ಲ ಅಂದೆ.
ಐದು ಪೆನ್ನು ಒಟ್ಟಿಗೆ ಚಾಚಿಕೊಂಡವು.
ಎಲ್ಲವೂ ಚೆನ್ನಾಗಿ ಬರೆಯುತ್ತಿದ್ದವು.
ನಿದ್ದೆ ಬರ್ತಿದೆ ಅಂತ ಎದ್ದು ಬಂದೆ.
ಸುಳ್ಳೇನಲ್ಲ,
ಮೂರು ಗಂಟೆಯಾಗಿತ್ತು.